ಯಾವ ದೇಶದ್ದೂ ಅಲ್ಲದ ಹಡಗು

ವೆಲೋರಾ ಹಡಗು, ಬ್ಯಾರೆಂಟ್ಸ್ ಸಮುದ್ರ
3 ಸೆಪ್ಟೆಂಬರ್ 2025

ಅಣ್ಣನಿಗೆ ಜೈಭೀಮ್.

ಹೊಸ ಹಡಗು ಹತ್ತಿ ವಾರವಾಯಿತು. ವೆಲೋರಾ ಎಂದು ಹೆಸರು. ಹೆಸರೇನೋ ಚೆಂದ, ಹಡಗಿಗೆ ಮಾತ್ರ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಕಚ್ಚಾ ತೈಲ ಸಾಗಿಸುವ ಟ್ಯಾಂಕರು. ನಾನು ಥರ್ಡ್ ಆಫೀಸರ್. ದಿನಕ್ಕೆ ಎರಡು ಪಾಳಿ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ ನಿಂತು ದಾರಿ ನೋಡಬೇಕು. ತಂಗಿ ಹಡಗು ಓಡಿಸುತ್ತಾಳೆ ಎಂದು ಮಳವಳ್ಳಿ ಕೋರ್ಟಿನಲ್ಲೆಲ್ಲ ಕೊಚ್ಚಿಕೊಳ್ಳಬೇಡ, ಓಡಿಸುವುದು ಕ್ಯಾಪ್ಟನ್. ಜಾರ್ಜಿಯಾ ದೇಶದವರು, ಅರವತ್ತರ ಹತ್ತಿರ, ಮಾತು ಕಡಿಮೆ.

ಈ ಸಲ ದಾರಿ ಬೇರೆ. ರಷ್ಯಾದ ಉತ್ತರ ಕರಾವಳಿಯಲ್ಲಿ ತೈಲ ತುಂಬಿಕೊಂಡು, ಉತ್ತರ ಧ್ರುವದ ಮಗ್ಗುಲಿನ ಸಮುದ್ರದಲ್ಲೇ ಪೂರ್ವಕ್ಕೆ ಸಾಗಿ ಚೀನಾ ಸೇರಬೇಕು. ಸೂಯೆಜ್ ಸುತ್ತಿ ಹೋಗುವುದಕ್ಕಿಂತ ಎಷ್ಟೋ ಹತ್ತಿರ. ಮೊದಲೆಲ್ಲ ಈ ದಾರಿ ಐಸು ಕಟ್ಟಿ ಮುಚ್ಚಿರುತ್ತಿತ್ತಂತೆ. ಈಗ ಬೇಸಿಗೆಯ ಕೊನೆಗೆ ಬರೀ ನೀರು. ಹಾಗಾಗಿ ನಮ್ಮಂಥ ಹಡಗುಗಳೂ ಹೋಗುತ್ತಿವೆ.

ಫೋನ್ ಸಿಗುವುದಿಲ್ಲ. ಕ್ಯಾಪ್ಟನ್ ಕೋಣೆಯ ಕಂಪ್ಯೂಟರಿನಿಂದಲೇ ಎಲ್ಲರ ಪತ್ರ ಹೋಗಬೇಕು, ಬಂದದ್ದನ್ನು ಅವರೇ ಪ್ರಿಂಟ್ ತೆಗೆದು ಕೊಡುತ್ತಾರೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನೂ ಕನ್ನಡದಲ್ಲೇ ಬರಿ.

ನಿನ್ನ
ಶೋಭಿತಾ


ಮಳವಳ್ಳಿ
8 ಸೆಪ್ಟೆಂಬರ್ 2025

ಶೋಭಿ,

ಪತ್ರ ಬಂತು. ಅವ್ವನಿಗೆ, ‘ಚಳಿ ಕಡೆಗೆ ಹೋಗುತ್ತಿದ್ದಾಳೆ’ ಎಂದಷ್ಟೇ ಹೇಳಿದೆ. ನೀನು ಬಿಟ್ಟುಹೋದ ಸ್ವೆಟರನ್ನು ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ನನ್ನನ್ನು ಬೈದಳು.

ನಾನು ಹೊಲದ ಬದು, ನಾಲೆ ನೀರು, ಪಾಲು ವಿಭಾಗ ಎಂದು ವಾದ ಮಾಡಿಕೊಂಡಿರುವ ತಾಲ್ಲೂಕು ವಕೀಲ. ಆದರೂ ನಿನ್ನ ದೆಸೆಯಿಂದ ಈ ವಾರ ಸಮುದ್ರದ ಕಾನೂನು ಓದಿದೆ. ಧ್ರುವದ ನೀರಿನಲ್ಲಿ ಹೋಗುವ ಹಡಗಿಗೆ ಬೇರೆಯದೇ ನಿಯಮಾವಳಿ ಇದೆಯಲ್ಲ? ಐಸಿನ ನಡುವೆ ಹೋಗುವುದಾದರೆ ತಡೆಯುವಂಥ ಮೈ ಬೇಕು, ಅದಕ್ಕೆ ಪ್ರಮಾಣಪತ್ರ ಬೇಕು, ಅಧಿಕಾರಿಗಳಿಗೆ ತರಬೇತಿ ಆಗಿರಬೇಕು ಎನ್ನುತ್ತದೆ. ನಿಮ್ಮ ಹಡಗಿಗೆ ಅದಿದೆಯೇ? ನಿನಗೆ ಆ ತರಬೇತಿ ಆದದ್ದು ನನಗೆ ನೆನಪಿಲ್ಲ.

ಇನ್ನೊಂದು ವಿಧಿ ನನ್ನನ್ನು ನಿದ್ದೆಗೆಡಿಸಿದೆ. ವರ್ಷದ ಹೆಚ್ಚು ಕಾಲ ಐಸು ಮುಚ್ಚಿರುವ ಸಮುದ್ರದಲ್ಲಿ, ಪಕ್ಕದ ದೇಶಕ್ಕೆ ಹಡಗುಗಳ ಮೇಲೆ ಹೆಚ್ಚಿನ ಅಧಿಕಾರ. ಮಾಲಿನ್ಯ ಆಗದಂತೆ ಅದು ಕಟ್ಟುಪಾಡು ಹಾಕಬಹುದು. ಆದರೆ ಐಸೇ ಕರಗಿಹೋದರೆ? ಆಗ ಆ ಅಧಿಕಾರ ಉಳಿಯುತ್ತದೋ ಇಲ್ಲವೋ ಎಂದು ದೊಡ್ಡ ದೊಡ್ಡವರೇ ಜಗಳವಾಡುತ್ತಿದ್ದಾರೆ. ಜಗಳ ಮುಗಿಯುವ ಮೊದಲೇ ನೀವೆಲ್ಲ ಆ ನೀರಿಗೆ ಇಳಿದಿದ್ದೀರಿ.

ಕೇಳಿದ್ದಕ್ಕೆ ನೇರ ಉತ್ತರ ಬರಿ. ಹಡಗುಗಳು ಎಲ್ಲೆಲ್ಲಿವೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ನಕ್ಷೆಯಲ್ಲಿ ನಿನ್ನ ಹಡಗಿನ ಚುಕ್ಕಿಯನ್ನು ದಿನಾ ನೋಡುತ್ತೇನೆ.

ಶಿವರಾಮು


ವೆಲೋರಾ, ಕಾರಾ ಸಮುದ್ರ
17 ಸೆಪ್ಟೆಂಬರ್ 2025

ಅಣ್ಣ,

ನೀನು ಪಾಟೀಸವಾಲು ಮಾಡುವುದನ್ನು ಮನೆಯಲ್ಲೂ ಬಿಡುವುದಿಲ್ಲ. ಪ್ರಮಾಣಪತ್ರಗಳೆಲ್ಲ ಕ್ಯಾಪ್ಟನ್ ಹತ್ತಿರ ಇರುತ್ತವೆ, ನಮ್ಮಂಥ ಕಿರಿಯರು ಕೇಳುವಂತಿಲ್ಲ.

ತೈಲ ತುಂಬಿ ಆಯಿತು. ಹಡಗು ಭಾರಕ್ಕೆ ಕುಗ್ಗಿ ನಿಧಾನವಾಗಿ ಸಾಗುತ್ತಿದೆ. ಸಮುದ್ರ ಸೀಸದ ಬಣ್ಣ. ಒಂದು ಹಕ್ಕಿಯೂ ಇಲ್ಲದ ಬೆಳಗ್ಗೆ ನೋಡಿದ್ದೀಯಾ? ಇಲ್ಲಿ ದಿನವೂ ಹಾಗೇ. ಪ್ರಾಣ ಉಳಿಸುವ ಉಡುಪು ಹಾಕಿಕೊಂಡು ಅಭ್ಯಾಸ ಮಾಡಿದೆವು. ನನಗೆ ಕೊಟ್ಟದ್ದರಲ್ಲಿ ಇನ್ನೊಬ್ಬಳು ಹಿಡಿಯುತ್ತಾಳೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿನ್ನೆ ಬೋಸನ್, ಅಂದರೆ ನಾವಿಕರ ಮೇಸ್ತ್ರಿ, ಹಡಗಿನ ಹಿಂಬದಿಗೆ ಹಗ್ಗದಲ್ಲಿ ಇಳಿದು ಅಲ್ಲಿ ಬರೆದಿದ್ದ ನೋಂದಣಿ ಊರಿನ ಹಳೆಯ ಹೆಸರು ಅಳಿಸಿ ಹೊಸದನ್ನು ಬರೆದ. ಬಾವುಟವೂ ಬದಲಾಯಿತು. ಆಫ್ರಿಕಾದ ಒಂದು ಪುಟ್ಟ ದೇಶದ್ದು. ಕಂಪನಿಗಳು ತೆರಿಗೆ ಉಳಿಸಲು ಹೀಗೆ ಬದಲಾಯಿಸುತ್ತಲೇ ಇರುತ್ತವೆ. ಮನೆಗೆ ಸುಣ್ಣ ಬಳಿದಂತೆ ಅಂದುಕೋ.

ಅವ್ವನ ಮಂಡಿ ನೋವು ಹೇಗಿದೆ?

ಶೋಭಿತಾ


ಮಳವಳ್ಳಿ
22 ಸೆಪ್ಟೆಂಬರ್ 2025
(ಬರೆದು, ಕಳಿಸದೆ ಇಟ್ಟುಕೊಂಡದ್ದು)

ಶೋಭಿ,

ಸುಣ್ಣ ಬಳಿದಂತೆ ಅಲ್ಲ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು ಅದರ ಮೇಲೆ ನಡೆಯುತ್ತದೆ. ಸಮುದ್ರದಲ್ಲಿ ನಿನ್ನ ತಲೆಯ ಮೇಲಿರುವ ಸೂರು ಅದೊಂದೇ.

ಹಡಗುಗಳ ನಕ್ಷೆಯಲ್ಲಿ ವೆಲೋರಾ ಹೆಸರಿನ ಪಕ್ಕ ಹಾಕಿರುವ ಹೊಸ ಬಾವುಟದ ದೇಶ ನೋಡಿ, ಅಲ್ಲಿಯ ಹಡಗು ನೋಂದಣಿ ಕಚೇರಿಗೆ ಬರೆದಿದ್ದೆ. ಇವತ್ತು ಉತ್ತರ ಬಂತು. ವೆಲೋರಾ ಎಂಬ ಹಡಗು ನಮ್ಮಲ್ಲಿ ಇಲ್ಲ, ನಮ್ಮ ಬಾವುಟ ಹಾರಿಸಲು ಅದಕ್ಕೆ ನಾವು ಅನುಮತಿ ಕೊಟ್ಟಿಲ್ಲ ಎನ್ನುತ್ತಾರೆ. ಹಳೆಯ ದೇಶವೂ ಹೆಸರು ತೆಗೆದುಹಾಕಿದೆ. ಹಾಗಾದರೆ ನೀನಿರುವ ಹಡಗು ಯಾವ ದೇಶದ್ದೂ ಅಲ್ಲ. ವಿಮೆಯೂ ಇರಲಾರದು. ನಿನಗೇನಾದರೂ ಆದರೆ ನಾನು ಯಾರ ಬಾಗಿಲು ತಟ್ಟಬೇಕು?

ಇದನ್ನು ನಿನಗೆ ಹೇಳಿ ಏನು ಪ್ರಯೋಜನ? ನಡುನೀರಿನಲ್ಲಿರುವವಳು ತಿಳಿದು ಏನು ಮಾಡುತ್ತೀಯ? ಹೆದರುತ್ತೀಯ ಅಷ್ಟೇ.


ಮಳವಳ್ಳಿ
22 ಸೆಪ್ಟೆಂಬರ್ 2025

ಶೋಭಿ,

ಪತ್ರ ಓದಿ ಸಂತೋಷವಾಯಿತು. ಅವ್ವನ ಮಂಡಿ ನೋವು ಪರವಾಗಿಲ್ಲ. ಹೊಳಲಿಗೆ ಅತ್ತೆ ಮೊಮ್ಮಗಳ ನಾಮಕರಣಕ್ಕೆ ಹೋಗಿಬಂದೆವು. ಎಲ್ಲರೂ ನಿನ್ನನ್ನೇ ಕೇಳಿದರು. ಇಲ್ಲಿ ಮಳೆ ಚೆನ್ನಾಗಿದೆ. ನಾನು ಏನೇನೋ ಓದಿ ನಿನ್ನ ತಲೆ ತಿಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಶಿವರಾಮು


ವೆಲೋರಾ, ಲಾಪ್ಟೆವ್ ಸಮುದ್ರ
27 ಸೆಪ್ಟೆಂಬರ್ 2025

ಅಣ್ಣ,

ನಿನ್ನ ಪತ್ರ ಸರಿಯಾದ ಹೊತ್ತಿಗೆ ಬಂತು.

ಈಗ ಹೇಳಬಹುದು. ನಡುದಾರಿಯ ಒಂದು ಪುಟ್ಟ ಬಂದರಿನ ಹೊರಗೆ ಲಂಗರು ಹಾಕಿದ್ದೆವು. ಸಾಮಾನು ತರುವ ದೋಣಿ ಬಂದು ಹೋಗುತ್ತಿತ್ತು. ಈ ಹಡಗಿನ ಮೈ ಐಸಿಗೆ ಮಾಡಿದ್ದಲ್ಲ ಅಣ್ಣ, ಸಾಮಾನ್ಯ ಹಡಗು. ಐಸು ಒಡೆಯುವ ಹಡಗನ್ನು ಜೊತೆಗೆ ಕರೆದುಕೊಳ್ಳದೆ ಮುಂದೆ ಹೋಗಿ ಎಂದು ಕಂಪನಿ ಹೇಳಿದಾಗ ಚೀಫ್ ಆಫೀಸರ್ ಹೊಟ್ಟೆನೋವು ಎಂದು ಆ ದೋಣಿಯಲ್ಲಿ ಇಳಿದು ಹೋಗಿಬಿಟ್ಟರು. ನಾನೂ ಚೀಲ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಕ್ಯಾಪ್ಟನ್ ನಿನ್ನ ಪತ್ರ ತಂದುಕೊಟ್ಟರು. ಮೊದಲ ಪತ್ರದಲ್ಲಿ ಅಷ್ಟು ಹಾರಾಡಿದವನು ಈಗ ಸುಮ್ಮನಾಗಿದ್ದಾನೆ ಎಂದರೆ ಎಲ್ಲವನ್ನೂ ವಿಚಾರಿಸಿ ನೋಡಿರುತ್ತಾನೆ, ಕಾಗದಪತ್ರ ಸರಿಯಿದೆ ಎಂದೇ ಅರ್ಥ, ಅಂದುಕೊಂಡೆ. ಚೀಲ ಬಿಚ್ಚಿದೆ. ಈಗ ದಾರಿ ನೋಡಲು ನಾನು, ಸೆಕೆಂಡ್ ಆಫೀಸರ್, ಕ್ಯಾಪ್ಟನ್, ಮೂವರೇ.

ಇವತ್ತು ಮೊದಲ ಸಲ ಐಸಿನ ತುಂಡುಗಳು ಕಂಡವು. ಕೊಳದ ಮೇಲೆ ತೇಲುವ ಎಲೆಗಳ ಹಾಗೆ. ಹೆದರುವಂಥದ್ದೇನಲ್ಲ.

ಶೋಭಿತಾ


ಮಳವಳ್ಳಿ
28 ಸೆಪ್ಟೆಂಬರ್ 2025

ಶೋಭಿ,

ತಪ್ಪಾಯಿತು. ನಾನು ಸುಮ್ಮನಾದದ್ದು ಎಲ್ಲ ಸರಿಯಿದೆ ಎಂದಲ್ಲ. ನಿನ್ನ ಹಡಗಿಗೆ ದೇಶವೇ ಇಲ್ಲ. ಬಾವುಟ ಸುಳ್ಳು, ಆ ದೇಶದವರೇ ನನಗೆ ಬರೆದು ತಿಳಿಸಿದ್ದಾರೆ. ನೀನು ಹೆದರಬಾರದು ಎಂದು ಮುಚ್ಚಿಟ್ಟೆ. ಎಲ್ಲಿ ಸಾಧ್ಯವೋ ಅಲ್ಲಿ ಇಳಿ. ಸಂಬಳ, ಸಾಮಾನು ಏನನ್ನೂ ನೋಡಬೇಡ. ಇಳಿದುಬಿಡು.

ಶಿವರಾಮು


ವೆಲೋರಾ
2 ಅಕ್ಟೋಬರ್ 2025

ಅಣ್ಣ,

ಇವತ್ತು ಅವ್ವ ಮಾತಾಡಂಗೆ ಬರಿತಾ ಇವ್ನಿ. ನೀ ಬರ್ದ ಕಾಗ್ದಾನ ಅಡಗ್ನ ಎಜಮಾನ್ರು ಫೋನ್‌ಗೆ ಆಕಿ ಇಂಗ್ಲಿಸ್ ಮಾಡ್ಕಂಡು ಓದ್ಬುಟ್ರು. ನನ್ನ ಕರ್ದು, ನಿಮ್ಮಣ್ಣ ಲಾಯರ್ರಾ ಅಂತ ಕೇಳುದ್ರು. ಊಂ ಅಂದೆ. ಅದ್ಕೇ ಇಂಗೆ ಬರಿತಿರದು. ಈ ಮಾತು ಆ ಮಿಸಿನ್‌ಗೆ ತಿಳಿಯಾಕಿಲ್ಲ.

ಇಳಿ ಅಂತೀಯ. ಇಳಿಯಾಕೆ ನೆಲ ಎಲ್ಲೈತೆ? ಮೊನ್ನೆ ಐಸು ಕವ್ಕತು. ದೂರುಕ್ಕೆ ಬೆಳ್ಳಗೆ ಗೆರೆ ಎಳ್ದಂಗೆ ಕಾಣದು, ಅತ್ರುಕ್ಕೋದ್ರೆ ಒಂದೊಂದೂ ಮನೆ ಗಾತ್ರ. ನಂದೇ ಪಾಳಿ. ತಿರ್ಗ್ಸಿ ಅಂದೆ. ತಿರ್ಗೋ ಒತ್ಗೆ ಮುಂದ್ಗಡೆ ಬಡಿತು. ಎದೆ ಒಳಿಕ್ಕೇ ಬಡ್ದಂಗಾಯ್ತು. ಮೂತಿ ತಾವು ಇರೋ ಖಾಲಿ ತೊಟ್ಟಿಗೆ ನೀರು ಬತ್ತಾ ಐತೆ. ಪಂಪ್ ಆಕವ್ರೆ. ಎಣ್ಣೆ ತೊಟ್ಟಿಗೆ ಇನ್ನೂ ಏನೂ ಆಗಿಲ್ಲ.

ನಾವು ಎಲ್ಲಿದ್ದೀವಿ ಅಂತ ಲೋಕುಕ್ಕೆ ತೋರ್ಸೋ ಯಂತ್ರಾನ ಆರ್ಸ್‌ಬುಟ್ಟವ್ರೆ. ಕಂಪ್ನಿಯೋರು ಏಳುದ್ರಂತೆ. ಕಂಪ್ಯೂಟರ್ನಾಗೆ ನೀ ನೋಡೋ ಚುಕ್ಕಿ ಇನ್ಮೇಲೆ ಕಾಣಾಕಿಲ್ಲ. ಕಾಣ್ದಿದ್ರೆ ಮುಳುಗೋದ್ವು ಅಂದ್ಕಬ್ಯಾಡ.

ನೀನು ಯಾರ್ಗೂ ಬರಿಬ್ಯಾಡ ಕಣಣ್ಣ. ಗೊತ್ತಾದ್ರೆ ಇಲ್ಲಿ ನಾನೊಬ್ಳೆ. ಅವ್ವಂಗೂ ಏಳ್ಬ್ಯಾಡ. ಬೋ ಭಯ ಆಯ್ತದೆ.


ಮಳವಳ್ಳಿ
5 ಅಕ್ಟೋಬರ್ 2025

ಶೋಭಿ,

ಎಂಗಿದ್ದೀಯ? ಒಂದೇ ಒಂದು ಸಾಲು ಬರಿ.


ಮಳವಳ್ಳಿ
9 ಅಕ್ಟೋಬರ್ 2025
(ಹಡಗಿನ ವಿಳಾಸಕ್ಕೆ ತಲುಪದೆ ಮರಳಿ ಬಂದದ್ದು)

ಶೋಭಿ,

ನಿನ್ನ ವಿಳಾಸಕ್ಕೆ ಕಳಿಸಿದ್ದೆಲ್ಲ ವಾಪಸ್ ಬರುತ್ತಿದೆ. ಹಾಗಾಗಿ ಕ್ಯಾಪ್ಟನ್ ಓದುತ್ತಾರೆಂಬ ಅಂಜಿಕೆಯಿಲ್ಲದೆ ಬರೆಯುತ್ತೇನೆ.

ಹಡಗುಗಳ ನಕ್ಷೆಯಲ್ಲಿ ನೀನು ಕೊನೆಗೆ ಇದ್ದ ಕಡೆ ಈಗ ಏನೂ ಇಲ್ಲ. ಆ ಖಾಲಿ ಜಾಗವನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ಅಲ್ಲಿ ಹೊಸ ಐಸು ಕಟ್ಟಲು ಶುರುವಾಗಿದೆ ಎಂದು ಹವಾಮಾನದವರು ಹಾಕಿದ್ದಾರೆ. ಬೇಸಿಗೆಯಲ್ಲಿ ಎಷ್ಟೇ ಕರಗಲಿ, ಚಳಿಗಾಲಕ್ಕೆ ಮತ್ತೆ ಮುಚ್ಚಿಕೊಳ್ಳುವುದು ತಪ್ಪುವುದಿಲ್ಲವಂತೆ. ದುದ್ದದ ಮರಿಸಿದ್ದಯ್ಯನವರ ನಾಲೆ ದಾವೆ ಇವತ್ತು ವಾದಕ್ಕಿತ್ತು. ಮೈ ಹುಷಾರಿಲ್ಲ ಎಂದು ಬೇರೆ ದಿನ ಕೇಳಿಕೊಂಡೆ.

ಯಾರಿಗೂ ಬರೆಯಬೇಡ ಅಂದೆ. ಬರೆದರೆ ಹಡಗನ್ನು ಹಿಡಿದು ನಿಲ್ಲಿಸಬಹುದು. ಆದರೆ ದೇಶವಿಲ್ಲದ ಹಡಗಿನಲ್ಲಿದ್ದವರನ್ನೆಲ್ಲ ಕೂಡಿಹಾಕಿದರೆ ಕೇಳುವವರಿಲ್ಲ. ಬರೆಯದಿದ್ದರೆ ನೀನು ಎಲ್ಲಿ ಮುಳುಗಿದೆ ಎಂದೂ ಯಾರಿಗೂ ತಿಳಿಯುವುದಿಲ್ಲ. ನಾಲ್ಕು ದಿನ ಇದನ್ನೇ ತೂಗಿದೆ. ಕೊನೆಗೆ ತಡೆಯಲಾಗದೆ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಬುದ್ಧನ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಹಾಗೇ ನಿಂತು, “ಜೈಲು ನೆಲದ ಮ್ಯಾಲಿರ್ತದೆ ಕಣ್ಲಾ. ಬರಿ ನೀನು” ಅಂದಳು.

ಬರೆದೆ. ಮುಂಬೈನ ಹಡಗು ಇಲಾಖೆಗೆ, ನಾವಿಕರ ಸಂಘಕ್ಕೆ, ಆ ದಾರಿಯ ಉಸ್ತುವಾರಿ ನೋಡುವ ಕಚೇರಿಗೆ, ನಿನ್ನನ್ನು ಕೆಲಸಕ್ಕೆ ಕಳಿಸಿದ ಏಜೆಂಟನಿಗೂ. ಮಂಡ್ಯಕ್ಕೆ ಹೋಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಒಂದು ಪ್ರತಿ ಕೊಟ್ಟೆ. ಅಲ್ಲಿಯ ಗುಮಾಸ್ತೆ ಮಂಗಳಮ್ಮ ಎರಡು ಸಲ ಓದಿ, “ಆರ್ಕ್‌ಟಿಕ್ ಸಮುದ್ರ ಯಾವ ತಾಲ್ಲೂಕಿಗೆ ಬತ್ತದೆ ಅಂತ ಬರ್ಕಳ್ಳಿ ಸಾರ್?” ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಮಳವಳ್ಳಿ ಎಂದು ಬರೆದುಕೊಳ್ಳಿ ಅಂದೆ.

ಬರುತ್ತಾ ಬಸ್ಸು ಮದ್ದೂರಿನಲ್ಲಿ ನಿಂತಾಗ ಏಜೆಂಟನ ಫೋನ್ ಬಂತು. ಹಡಗು ಸುರಕ್ಷಿತವಾಗಿದೆ, ದೂರು ವಾಪಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ನಿಮ್ಮ ತಂಗಿಗೇ ತೊಂದರೆ ಎಂದ. ಎಲ್ಲಿದೆ ಹೇಳಿ ಎಂದೆ. ಇಟ್ಟುಬಿಟ್ಟ.

ದೂರಿನಲ್ಲಿ ನಿನ್ನ ಹೆಸರು ಹಾಕಿದ್ದೇನೆ ಶೋಭಿ. ಹಾಕದಿದ್ದರೆ ಯಾರೂ ನಂಬುತ್ತಿರಲಿಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ನನಗೆ ತಿಳಿಯುತ್ತಿಲ್ಲ.


ಬಂದರಿನ ಅತಿಥಿಗೃಹ, ಪೂರ್ವ ಸೈಬೀರಿಯಾದ ಕರಾವಳಿ
19 ಅಕ್ಟೋಬರ್ 2025

ಅಣ್ಣ,

ನಾನು ಬದುಕಿದ್ದೇನೆ. ನೆಲದ ಮೇಲಿದ್ದೇನೆ. ಮೊದಲು ಇದನ್ನು ಅವ್ವನಿಗೆ ಓದಿ ಹೇಳು, ಆಮೇಲೆ ಉಳಿದದ್ದನ್ನು ಓದು.

ನಿನ್ನ ದೂರು ಕಂಪನಿಯವರ ಕೈಸೇರಿ, ಮನೆಯವರ ಪತ್ರಗಳನ್ನೆಲ್ಲ ತಡೆದಿದ್ದ ಅವರು ಅದನ್ನು ಮಾತ್ರ ಕ್ಯಾಪ್ಟನ್‌ಗೆ ಕಳಿಸಿದ್ದರು. ಕ್ಯಾಪ್ಟನ್ ಅದನ್ನು ಊಟದ ಮೇಜಿನ ಮೇಲೆ ನನ್ನ ತಟ್ಟೆಯ ಪಕ್ಕ ಇಟ್ಟರು. ನನ್ನ ಹೆಸರಿನ ಕೆಳಗೆ ಗೆರೆ ಎಳೆದಿತ್ತು. ಅವಳನ್ನು ಕಂಪ್ಯೂಟರಿನ ಹತ್ತಿರ ಬಿಡಬೇಡಿ, ಬ್ರಿಡ್ಜಿಗೂ ಬಿಡಬೇಡಿ ಎಂದು ಕಂಪನಿ ಬರೆದಿತ್ತು. ಅವತ್ತಿನಿಂದ ನನ್ನ ಜೊತೆ ಕುಳಿತು ಊಟ ಮಾಡುವವರು ಇಲ್ಲವಾದರು. ಅವರ ತಪ್ಪೂ ಅಲ್ಲ. ಎಲ್ಲರ ಮನೆಯಲ್ಲೂ ಈ ಸಂಬಳಕ್ಕೆ ಕಾಯುವವರಿದ್ದಾರೆ. ನಾನು ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದೆ. ನಿನ್ನ ಮೇಲೆ ಬಂದ ಸಿಟ್ಟನ್ನು ಹೇಳತೀರದು.

ಕ್ಯಾಪ್ಟನ್ ಮಾತ್ರ ನನ್ನನ್ನು ಬ್ರಿಡ್ಜಿನಿಂದ ಹೊರಗೆ ಹಾಕಲಿಲ್ಲ. ಹಾಕಿದರೆ ದಾರಿ ನೋಡುವವರು ಇಬ್ಬರೇ ಉಳಿಯುತ್ತಿದ್ದರು.

ಐಸು ಸುತ್ತಲೂ ಕೂಡಿಕೊಂಡಿತು. ಹಡಗು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಐಸು ಒತ್ತಿದಾಗ ಕಬ್ಬಿಣದ ಮೈ ನರಳುವ ಸದ್ದು ಬರುತ್ತದೆ. ಅದನ್ನು ಕೇಳಿದ ಮೇಲೆ ಬೇರೆ ಯಾವ ಸದ್ದಿಗೂ ಹೆದರಿಕೆಯಾಗುವುದಿಲ್ಲ. ಒಂದು ಬೆಳಗ್ಗೆ ಮುಂದಿನ ಪಂಪು ನಿಂತುಹೋಯಿತು. ಬೋಸನ್ ಮೇಲೆ ಬಂದು, ನೀರು ಎರಡನೆಯ ತೊಟ್ಟಿಗೆ ದಾಟಿದೆ, ಅದರ ಆಚೆ ಗೋಡೆಗೆ ತಗುಲಿಕೊಂಡೇ ತೈಲವಿದೆ ಎಂದ. ಆ ಗೋಡೆ ಹೋದರೆ ಅಷ್ಟೂ ತೈಲ ಐಸಿನ ಅಡಿಗೆ ಹರಿಯುತ್ತದೆ. ಐಸಿನ ಅಡಿಗೆ ಹೋದ ತೈಲವನ್ನು ತೆಗೆಯುವುದು ಹೇಗೆಂದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಸಹಾಯಕ್ಕೆ ಕರೆಯೋಣ ಎಂದು ಕ್ಯಾಪ್ಟನ್‌ಗೆ ಹೇಳಿದೆ. ಕಂಪನಿ ಬೇಡ ಅಂದಿದೆ ಎಂದರು. ಮತ್ತೆ ಹೇಳಿದೆ. ಆಗ ಅವರು ಕನ್ನಡಕ ತೆಗೆದು, “ಕರೆದ ಕೂಡಲೇ ಯಾವ ದೇಶದ ಹಡಗು ಅಂತ ಕೇಳುತ್ತಾರೆ. ಏನು ಹೇಳಲಿ?” ಅಂದರು. ಅಲ್ಲಿಯವರೆಗೆ ಅವರಿಗೂ ಭಯವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

“ಸರ್, ಮುಳುಗುವವರ ಊರು ಕೇಳಿ ಕಾಪಾಡಬೇಕೆಂದು ಸಮುದ್ರದ ಯಾವ ಕಾನೂನೂ ಹೇಳುವುದಿಲ್ಲ” ಅಂದೆ.

ಅವರು ಕುರ್ಚಿಯಲ್ಲಿ ಕುಳಿತು ಮುಖ ಆ ಕಡೆ ತಿರುಗಿಸಿದರು. ನಾನು ಆಪತ್ತಿನ ಗುಂಡಿಯ ಮುಚ್ಚಳ ಎತ್ತಿ ಒತ್ತಿದೆ. ಮುಚ್ಚಳ ತೆಗೆದ ಸದ್ದು ಅವರಿಗೆ ಕೇಳಿಸಿತು. ತಿರುಗಲಿಲ್ಲ.

ರೇಡಿಯೋದಲ್ಲಿ ದನಿ ಬಂತು. ಹಡಗಿನ ಹೆಸರು ಕೇಳಿದರು, ಹೇಳಿದೆ. ಯಾವ ದೇಶ ಎಂದರು. ಗೊತ್ತಿಲ್ಲ ಅಂದೆ. ಆಮೇಲೆ ಅದೇ ದನಿ, ಎಷ್ಟು ಜನ ಇದ್ದೀರಿ ಎಂದು ಕೇಳಿತು.

ಐಸು ಒಡೆಯುವ ಹಡಗು ಬಂದು ನಮ್ಮನ್ನು ಇಲ್ಲಿಗೆ ಎಳೆತಂದಿತು. ಅದು ಅಷ್ಟು ಬೇಗ ಬಂದದ್ದು ಹೇಗೆಂದು ಕೇಳಿದೆ. ಇಂಡಿಯಾದಿಂದ ಬಂದ ಒಂದು ದೂರು ನೋಡಿ ಮೊದಲೇ ಈ ಕಡೆಗೆ ಹೊರಡಿಸಿದ್ದರಂತೆ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೂ ನೀನು ನನ್ನ ಮಾತು ಕೇಳದೆ ಬರೆದದ್ದಕ್ಕೇ ಈ ಪತ್ರ ಬರೆಯಲು ನಾನಿದ್ದೇನೆ.

ನಮ್ಮ ಪಾಸ್‌ಪೋರ್ಟುಗಳನ್ನು ತೆಗೆದಿಟ್ಟುಕೊಂಡಿದ್ದಾರೆ. ದಿನಾ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಕಂಪನಿಯವರ ಫೋನ್ ಸತ್ತಿದೆ, ಅವರ ವಿಳಾಸದಲ್ಲಿ ಬರೀ ಒಂದು ಅಂಚೆ ಡಬ್ಬಿಯಂತೆ. ಸಿಕ್ಕಿರುವವರು ಕ್ಯಾಪ್ಟನ್ ಒಬ್ಬರೇ. ಎಲ್ಲವನ್ನೂ ಅವರ ತಲೆಗೇ ಕಟ್ಟುತ್ತಾರೆ. ಆಚೆ ನಾಡಿದ್ದು ನನ್ನ ಹೇಳಿಕೆ. ಏನು ಹೇಳಲಿ?

ಶೋಭಿತಾ


ಮಳವಳ್ಳಿ
20 ಅಕ್ಟೋಬರ್ 2025

ಶೋಭಿ,

ಮೊದಲ ಸಾಲು ಓದಿ ಹೇಳಿದೆ. ಅವ್ವ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ವಕೀಲನಾಗಿ ಹೇಳುತ್ತೇನೆ, ಕೇಳು. ನೀನು ಕಿರಿಯ ಅಧಿಕಾರಿ. ಯಂತ್ರ ಆರಿಸಿದವರು ಕ್ಯಾಪ್ಟನ್, ಸಹಾಯ ಬೇಡ ಎಂದವರು ಕ್ಯಾಪ್ಟನ್, ಸುಳ್ಳು ಬಾವುಟದ ಕೆಳಗೆ ಹಡಗು ನಡೆಸಿದವರೂ ಅವರೇ. ನೀನು ಎದುರು ನಿಂತು ಗುಂಡಿ ಒತ್ತಿದೆ ಎಂದು ಹೇಳಿದರೆ ನಿನ್ನನ್ನು ಬಿಡುತ್ತಾರೆ. ಅವರ ಮೇಲೆ ಕರುಣೆ ತೋರಿಸಲು ಹೋಗಿ ನೀನು ಅಲ್ಲೇ ಉಳಿಯಬೇಡ. ಆ ಮನುಷ್ಯ ನಮ್ಮ ಪತ್ರಗಳನ್ನು ಕದ್ದು ಓದಿದವನು.

ಶಿವರಾಮು


ಬಂದರಿನ ಅತಿಥಿಗೃಹ
2 ನವೆಂಬರ್ 2025

ಅಣ್ಣ,

ನನ್ನನ್ನೂ ಬಿಟ್ಟಿದ್ದಾರೆ. ನಾಳೆ ವಿಮಾನ. ಬೆಂಗಳೂರಿಗೆ ಬಂದು ಫೋನ್ ಮಾಡುತ್ತೇನೆ.

ನೀನು ಹೇಳಿದಂತೆಯೇ ಹೇಳಬೇಕೆಂದು ಹೋಗಿ ಕುಳಿತೆ. ಕ್ಯಾಪ್ಟನ್ ತಡೆದರೂ ನೀವು ಕರೆ ಮಾಡಿದಿರಿ ಅಲ್ಲವೇ ಎಂದು ಅಧಿಕಾರಿ ಕೇಳಿದ. ಹೌದು ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬರಲಿಲ್ಲ. “ಒತ್ತಿ ಅಂತ ಅವರು ಹೇಳಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ನಾನು ಒತ್ತುವುದು ಗೊತ್ತಿದ್ದೂ ಸುಮ್ಮನಿದ್ದರು” ಎಂದೆ. ಆತ ಮತ್ತೆ ಮತ್ತೆ ಕೇಳಿದ. ಅಷ್ಟನ್ನೇ ಮತ್ತೆ ಮತ್ತೆ ಹೇಳಿದೆ. ಅದಕ್ಕೇ ನನ್ನನ್ನು ಎಲ್ಲರಿಗಿಂತ ಹೆಚ್ಚು ದಿನ ಇರಿಸಿಕೊಂಡರು. ಪ್ರತಿ ಸಲ ಬಾಗಿಲು ತೆರೆದಾಗಲೂ ಇನ್ನು ಮನೆ ಕಾಣುವುದಿಲ್ಲ ಎಂದೇ ಅಂದುಕೊಳ್ಳುತ್ತಿದ್ದೆ.

ಕ್ಯಾಪ್ಟನ್‌ರನ್ನು ಬಿಟ್ಟಿಲ್ಲ. ಸೆರೆಮನೆಯಲ್ಲೂ ಇಟ್ಟಿಲ್ಲ. ತೈಲ ತುಂಬಿದ ಹಡಗನ್ನು ಜನರಿಲ್ಲದೆ ಬಿಡುವಂತಿಲ್ಲವಾದ್ದರಿಂದ ನಾಲ್ಕು ಜನರ ಜೊತೆ ಅದರಲ್ಲೇ ಇರಿಸಿದ್ದಾರೆ. ತೂತಿಗೆ ಒಳಗಿನಿಂದ ಸಿಮೆಂಟು ಮೆತ್ತಿ, ಪಂಪು ಹಾಕಿ, ಹಾಗೇ ನಿಲ್ಲಿಸಿದ್ದಾರೆ. ತೈಲ ಯಾರಿಗೆ ಸೇರಿದ್ದು ಎಂದು ತೀರ್ಮಾನವಾಗದೆ ಬೇರೆ ಹಡಗಿಗೆ ತೆಗೆಯುವಂತಿಲ್ಲವಂತೆ. ಸುತ್ತ ಐಸು ಗಟ್ಟಿಯಾಗಿದೆ. ಈಗ ಹಡಗನ್ನು ಮುಳುಗದಂತೆ ಹಿಡಿದುಕೊಂಡಿರುವುದು ಆ ಐಸೇ. ಬೇಸಿಗೆಯಲ್ಲಿ ಅದು ಕರಗಿದಾಗ ಏನಾಗುತ್ತದೆ ಎಂದು ಕೇಳಿದೆ. ಅಧಿಕಾರಿ ಭುಜ ಕುಣಿಸಿದ.

ಸಾಮಾನು ತರಲು ಹೋದಾಗ ಕ್ಯಾಪ್ಟನ್ ಸಿಕ್ಕರು. ಗಡ್ಡ ಬೆಳೆದಿದೆ. ನನ್ನ ಚೀಲವನ್ನು ಏಣಿಯವರೆಗೂ ಅವರೇ ಎತ್ತಿ ತಂದರು. ನಿನ್ನ ಪತ್ರಗಳನ್ನು ಓದಿದ್ದಕ್ಕೆ ಕ್ಷಮೆ ಕೇಳಿದರು. ಇಷ್ಟು ವರ್ಷದಲ್ಲಿ ತಮಗೆ ಯಾರೂ ‘ಇಳಿದುಬಿಡು’ ಎಂದು ಬರೆದಿರಲಿಲ್ಲ ಅಂದರು. ಆಮೇಲೆ, “ನಿಮ್ಮಣ್ಣ ನನ್ನ ಪರವಾಗಿಯೂ ಒಂದು ಅರ್ಜಿ ಬರೆಯುತ್ತಾರಾ?” ಎಂದು ಕೇಳಿದರು.

ಕೇಳಿ ನೋಡುತ್ತೇನೆ ಎಂದೆ. ನೀನು ಬೇಡ ಅಂದರೂ ನನಗೆ ಅರ್ಥವಾಗುತ್ತದೆ.

ಶೋಭಿತಾ


ಮಳವಳ್ಳಿ
3 ನವೆಂಬರ್ 2025

ಶೋಭಿ,

ವಿಮಾನ ಹತ್ತುವ ಮೊದಲು ಇದು ನಿನಗೆ ಸಿಗುತ್ತದೋ ಇಲ್ಲವೋ. ಅವ್ವ ನಿನಗಿಂತ ಮೊದಲೇ ಬೆಂಗಳೂರಿಗೆ ಹೋಗಿ ನಿಲ್ಲಬೇಕು ಎನ್ನುತ್ತಿದ್ದಾಳೆ. ಸ್ವೆಟರ್ ಮಡಿಚಿ ಚೀಲಕ್ಕೆ ಹಾಕಿದ್ದಾಳೆ. ಇನ್ನು ಯಾಕೆ ಅಂತ ಕೇಳಲು ನನಗೆ ಧೈರ್ಯವಿಲ್ಲ.

ಕ್ಯಾಪ್ಟನ್ ವಿಷಯ ಓದಿ ಹೇಳಿದಾಗ ಅವ್ವ, “ಅವ್ರಿಗೂ ಮನೇಲಿ ಯಾರಾರ ಕಾಯ್ತಿರ್ತಾರೆ ಕಣ್ಲಾ” ಎಂದಳು. ನಾನು ಒಪ್ಪಲಿಲ್ಲ. ಆದರೂ ಕೋರ್ಟಿನಿಂದ ಬಂದ ಮೇಲೆ ಬರೆಯಲು ಕುಳಿತೆ.

ಕ್ಯಾಪ್ಟನ್‌ರ ದೇಶದ ರಾಯಭಾರ ಕಚೇರಿಗೆ ಒಂದು ಪ್ರತಿ ಹೋಗುತ್ತದೆ. ಆದರೆ ಅವರು ತಮ್ಮ ಪ್ರಜೆಯ ಬಗ್ಗೆ ಕೇಳಬಹುದೇ ಹೊರತು ಹಡಗಿನ ಬಗ್ಗೆ ಅಲ್ಲ. ಹಡಗನ್ನೂ, ಅದರ ಹೊಟ್ಟೆಯಲ್ಲಿರುವ ತೈಲವನ್ನೂ, ಬೇಸಿಗೆಗೆ ಮುಂಚೆ ಅಲ್ಲಿಂದ ತೆಗೆಸಬೇಕಾದವರು ಯಾರು? ಮಾಲೀಕ ಅಂಚೆ ಡಬ್ಬಿ. ಬಾವುಟದ ದೇಶ, ಹಡಗು ನಮ್ಮದಲ್ಲ ಅಂದಿದೆ. ಕರಾವಳಿಯ ದೇಶ ತನಿಖೆಯಲ್ಲಿದೆ ಎನ್ನುತ್ತದೆ. ಸಮುದ್ರ ಎಲ್ಲರದು ಎಂದು ಪುಸ್ತಕದಲ್ಲಿದೆ.

ವಿಷಯ ಬರೆದಾಗಿದೆ, ವಿವರ ಬರೆದಾಗಿದೆ, ಐದು ಜನರ ಜೀವ ಎಂದು ಬರೆದಾಗಿದೆ. ಹಾಳೆಯ ಮೇಲ್ಭಾಗದಲ್ಲಿ ‘ಇವರಿಗೆ’ ಎಂದು ಹಾಕಿ, ಅದರ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಕುಳಿತಿದ್ದೇನೆ.

ಶಿವರಾಮು